ಹಿತ್ತಲಿನ ಗ್ಯಾರೇಜು ಬಾಡಿಗೆ ಮನೆಯಾಗಬೇಕಾದರೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ನಮ್ಮ ಗ್ಯಾರೇಜಿನ ಬಗ್ಗೆ ನನಗೆ ಮೊದಲ ಪಾಠ ಹೇಳಿಕೊಟ್ಟಿದ್ದು ಮಗಳ ಒಂದು ಗೋಲಿ. ಹಿಂದಿನ ಗೋಡೆಯ ಹತ್ತಿರ ಅವಳ ಕೈಯಿಂದ ಜಾರಿ ಬಿತ್ತು. ನಿಲ್ಲಲೇ ಇಲ್ಲ. ನಿಧಾನಕ್ಕೆ ಉರುಳುತ್ತಾ ಇಪ್ಪತ್ತು ಅಡಿ ದಾಟಿ, ದೊಡ್ಡ ಬಾಗಿಲಿನ ರಬ್ಬರ್ ಪಟ್ಟಿಗೆ ತಾಗಿ ನಿಂತಿತು. ಗ್ಯಾರೇಜಿನ ನೆಲವನ್ನು ಬೇಕಂತಲೇ ಇಳಿಜಾರಾಗಿ ಹಾಕಿರುತ್ತಾರೆ. ಕಾರಿನಿಂದ ಇಳಿದ ಮಳೆನೀರು ತಾನಾಗಿ ಹೊರಗೆ ಹೋಗಲಿ ಅಂತ. ಅದೇ ನೆಲದ ಮೇಲೆ ಮಂಚ ಹಾಕಿ, ಅಡುಗೆ ಕಟ್ಟೆ ಕೂರಿಸಿ, ಒಬ್ಬರ ಹತ್ತಿರ ಬಾಡಿಗೆ ತಗೋಬೇಕು ಅಂದರೆ ಆ ಇಳಿಜಾರಿಗೆ ಮೊದಲು ಉತ್ತರ ಹುಡುಕಬೇಕು.

ನಾವಿರುವುದು ಸ್ಯಾನ್ ಹೋಸೆಯಲ್ಲಿ. 1950ರ ದಶಕದ ಒಂದಂತಸ್ತಿನ ಮನೆ, ಹಿತ್ತಲಲ್ಲಿ ಬೇರೆಯಾಗಿ ನಿಂತಿರುವ ಎರಡು ಕಾರಿನ ಗ್ಯಾರೇಜು. ಒಂದು ಭಾಗದಲ್ಲಿ ತಾವಿದ್ದುಕೊಂಡು ಇನ್ನೊಂದು ಭಾಗದ ಬಾಡಿಗೆಯಿಂದ ಸಾಲದ ಕಂತಿಗೆ ಆಸರೆ ಮಾಡಿಕೊಳ್ಳುವುದಕ್ಕೆ ಇಲ್ಲಿ ಹೌಸ್ ಹ್ಯಾಕಿಂಗ್ ಅಂತಾರೆ. ಹೆಸರು ಹೊಸದು, ಕೆಲಸ ನಮಗೆ ಹಳೆಯದೇ. ಜಯನಗರ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಹಿಂದೆ ಒಂದು ಔಟ್‌ಹೌಸು ಇರುತ್ತಿತ್ತು, ಅಲ್ವಾ? ಇಲ್ಲಿ ವ್ಯತ್ಯಾಸ ಇಷ್ಟೇ: ಪ್ರತಿ ಇಂಚಿಗೂ ಒಂದು ನಿಯಮ ಇದೆ, ಪ್ರತಿ ನಿಯಮಕ್ಕೂ ಒಬ್ಬ ಇನ್‌ಸ್ಪೆಕ್ಟರ್ ಇದ್ದಾರೆ.

ಈ ಕೆಲಸದಲ್ಲಿ ದುಡ್ಡು ಉಳಿಯುವುದೂ ಮುಳುಗುವುದೂ ಕಣ್ಣಿಗೆ ಕಾಣದ ಜಾಗದಲ್ಲಿ: ನೆಲದ ಅಡಿ, ಚರಂಡಿ ಪೈಪಿನ ಆಳ, ಬೇಲಿಗೂ ಗೋಡೆಗೂ ಇರುವ ಅಂತರ. ಟೈಲ್ಸ್ ಬಣ್ಣ ಆರಿಸುವ ಮೊದಲು ಈ ಮೂರನ್ನು ನೋಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಎಲ್ಲಿ ನಿಮ್ಮ ಪರವಾಗಿದೆ

ಕ್ಯಾಲಿಫೋರ್ನಿಯಾದಲ್ಲಿ ಇಂಥ ಮನೆಗೆ ಎಡಿಯು ಅನ್ನುತ್ತಾರೆ, ಅಂದರೆ ಆಕ್ಸೆಸರಿ ಡ್ವೆಲಿಂಗ್ ಯೂನಿಟ್. ಅದಕ್ಕೆ ತನ್ನದೇ ಬಾಗಿಲು, ಅಡುಗೆಮನೆ, ಬಚ್ಚಲು ಇರಬೇಕು. 2017ರಿಂದ ರಾಜ್ಯದ ಕಾನೂನು ಇವಕ್ಕೆ ದಾರಿ ಬಿಡುತ್ತಾ ಬಂದಿದೆ. 2020ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಗಳು ದೊಡ್ಡವು. ಗ್ಯಾರೇಜು ಇಟ್ಟುಕೊಂಡವರಿಗೆ ಅವುಗಳಿಂದ ಆಗಿರುವ ಅನುಕೂಲ ಕಮ್ಮಿಯೇನಲ್ಲ.

ನಿಮ್ಮ ಗ್ಯಾರೇಜು ಬೇಲಿಗೆ ಅಂಟಿಕೊಂಡೇ ಇದ್ದರೂ, ಇರುವ ಕಟ್ಟಡವನ್ನೇ ಬದಲಾಯಿಸುವುದಾದರೆ ಸಿಟಿಯವರು ಇಷ್ಟು ಅಡಿ ಒಳಗೆ ಸರಿಸಿ ಅನ್ನುವ ಹಾಗಿಲ್ಲ. ಹೋದ ಪಾರ್ಕಿಂಗಿಗೆ ಬದಲು ಪಾರ್ಕಿಂಗ್ ಕೇಳುವ ಹಾಗಿಲ್ಲ. ಪೂರ್ತಿ ಅರ್ಜಿ ಕೊಟ್ಟ 60 ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಅಕ್ಕಪಕ್ಕದವರನ್ನು ಕರೆದು ಅಭಿಪ್ರಾಯ ಕೇಳುವ ಸಭೆ ಇಲ್ಲ. 750 ಚದರ ಅಡಿಗಿಂತ ಚಿಕ್ಕದಾಗಿದ್ದರೆ ಇಂಪ್ಯಾಕ್ಟ್ ಫೀ (ರಸ್ತೆ, ಪಾರ್ಕಿನಂಥ ಸೌಕರ್ಯಕ್ಕೆ ಹಾಕುವ ಶುಲ್ಕ) ಇಲ್ಲ. ಎರಡು ಕಾರಿನ ಗ್ಯಾರೇಜು ಸಾಮಾನ್ಯವಾಗಿ 20 ಅಡಿಗೆ 20 ಅಡಿ, ಅಂದರೆ 400 ಚದರ ಅಡಿ. ಹಾಗಾಗಿ ನೀವು ಆರಾಮಾಗಿ ಈ ಮಿತಿಯೊಳಗೇ ಇರುತ್ತೀರಿ. ಮುಖ್ಯ ಮನೆಗೆ ಫೈರ್ ಸ್ಪ್ರಿಂಕ್ಲರ್ ಕಡ್ಡಾಯ ಅಲ್ಲದಿದ್ದರೆ ಇದಕ್ಕೂ ಕಡ್ಡಾಯ ಅಲ್ಲ. ಹೊಸದಾಗಿ ಕಟ್ಟುವ ಬಿಡಿ ಎಡಿಯುಗೆ ಸೋಲಾರ್ ಬೇಕು, ಹಳೇ ಗ್ಯಾರೇಜನ್ನು ಬದಲಾಯಿಸಿದರೆ ಬೇಡ.

ಮನೆ ಎಚ್‌ಒಎ ಕಾಲೊನಿಯಲ್ಲಿ, ಅಂದರೆ ಮನೆ ಮಾಲೀಕರ ಸಂಘ ಇರುವ ಬಡಾವಣೆಯಲ್ಲಿ, ಇದ್ದರೂ ಸಂಘದವರು ಸಾರಾಸಗಟಾಗಿ ಬೇಡ ಅನ್ನೋ ಹಾಗಿಲ್ಲ. ಮಿತವಾದ ಷರತ್ತು ಹಾಕಬಹುದು ಅಷ್ಟೇ. ಇನ್ನೊಂದು ವಿಷಯ ಕೆಲಸ ಬದಲಾಯಿಸುತ್ತಾ ಊರೂರು ಸುತ್ತುವ ನಮ್ಮಂಥವರಿಗೆ ಮುಖ್ಯ. ಎಡಿಯು ಇರುವ ಜಾಗದಲ್ಲಿ ಮಾಲೀಕರೇ ವಾಸವಿರಬೇಕು ಅನ್ನುವ ಷರತ್ತನ್ನು ಸಿಟಿಗಳು ಈಗ ಹಾಕುವಂತಿಲ್ಲ. ನಾಳೆ ಸಿಯಾಟಲ್‌ಗೋ ಆಸ್ಟಿನ್‌ಗೋ ಹೋಗಬೇಕಾಗಿ ಬಂದರೆ ಎರಡೂ ಮನೆ ಬಾಡಿಗೆಗೆ ಕೊಡಬಹುದು.

ಕಾನೂನು ನಿಮ್ಮ ಪರ ಇಲ್ಲದ ಜಾಗವೂ ಇದೆ. ಎರಡು ಮೂರು ದಿನಕ್ಕೆ ಅತಿಥಿಗಳಿಗೆ ಕೊಟ್ಟು ದುಡ್ಡು ಮಾಡೋಣ ಅಂದುಕೊಂಡಿದ್ದರೆ ಆ ಲೆಕ್ಕ ಈಗಲೇ ಬಿಡಿ. ಬಾಡಿಗೆ ಅವಧಿ 30 ದಿನಕ್ಕಿಂತ ಜಾಸ್ತಿ ಇರಬೇಕು ಅಂತ ಸಿಟಿಗಳು ಕೇಳುತ್ತವೆ. ಹಾಗೇ ಜೂನಿಯರ್ ಎಡಿಯು ಅಂತ ಇನ್ನೊಂದು ಬಗೆ ಇದೆ. ಅದು ಮನೆಯ ಗೋಡೆಯೊಳಗೇ ಇರಬೇಕು, ಹಿತ್ತಲಿನ ಬಿಡಿ ಗ್ಯಾರೇಜಿಗೆ ಅದು ಹೊಂದುವುದಿಲ್ಲ. ಯಾರಾದರೂ ಅದರ ನಿಯಮ ಹೇಳಿ ಗಾಬರಿ ಮಾಡಿದರೆ ತಲೆಕೆಡಿಸಿಕೊಳ್ಳಬೇಡಿ.

ಹೆಜ್ಜೆ 1: ಒಂದು ಶನಿವಾರ, ಒಂದು ಟೇಪು

ಯಾರಿಗೂ ಫೋನ್ ಮಾಡುವ ಮೊದಲು ನೀವೇ ಅಳೆಯಿರಿ. ಅರ್ಧ ದಿನದ ಕೆಲಸ.

ಮೊದಲು ಎತ್ತರ. ವಾಸದ ಕೋಣೆಗೆ ಕನಿಷ್ಠ 7 ಅಡಿ ಬೇಕು, ಅದೂ ಎಲ್ಲ ಕೆಲಸ ಮುಗಿದ ಮೇಲೆ. ನೆಲ ಏರುತ್ತದೆ, ಸೂರಿನ ಕೆಳಗೆ ಇನ್ಸುಲೇಷನ್ ಬರುತ್ತದೆ, ಅದರ ಕೆಳಗೆ ಡ್ರೈವಾಲ್ ಬರುತ್ತದೆ. ಈಗ ಅಡ್ಡತೊಲೆಯ ಕೆಳಗೆ 7 ಅಡಿ 4 ಇಂಚು ಇದ್ದರೆ ಅದು ಸಾಲದು ಅಂತಲೇ ಇಟ್ಟುಕೊಳ್ಳಿ.

ಆಮೇಲೆ ಬೇಲಿ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಜಾಗ ಬಿಡಬೇಕಾಗಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅದು ಜೋನಿಂಗ್ ಮಾತು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ. ಬೆಂಕಿಯ ಮಾತು ಬೇರೆ. ಆಸ್ತಿ ಗಡಿಯಿಂದ 5 ಅಡಿಗಿಂತ ಹತ್ತಿರ ಇರುವ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು. 3 ಅಡಿಗಿಂತ ಹತ್ತಿರ ಇದ್ದರೆ ಆ ಗೋಡೆಯಲ್ಲಿ ಕಿಟಕಿ, ಬಾಗಿಲು ಎರಡೂ ಇಲ್ಲ. ಹಳೇ ಬಡಾವಣೆಗಳಲ್ಲಿ ಗ್ಯಾರೇಜು ಹಿತ್ತಲ ಮೂಲೆಯಲ್ಲಿರುತ್ತದೆ. ಅಂದರೆ ಎರಡು ಗೋಡೆ ಕಿಟಕಿಗೆ ಸಿಗುವುದಿಲ್ಲ. ಉಳಿದ ಎರಡರಲ್ಲೇ ಬೆಳಕು, ಗಾಳಿ, ಬಾಗಿಲು ಎಲ್ಲ ಬರಬೇಕು. ಇಡೀ ನಕ್ಷೆ ಈ ಒಂದು ಅಳತೆಯ ಮೇಲೆ ನಿಂತಿದೆ. ಬೇಲಿಯೇ ಗಡಿ ಅಂತ ನಂಬಬೇಡಿ, ಎಷ್ಟೋ ಕಡೆ ಬೇಲಿ ಒಂದೆರಡು ಅಡಿ ಆಚೀಚೆ ಇರುತ್ತದೆ.

ಮಲಗುವ ಜಾಗಕ್ಕೆ ಬೆಂಕಿ ಬಿದ್ದರೆ ಒಳಗಿರುವವರು ಹೊರಗೆ ಹಾರಿಕೊಳ್ಳುವಷ್ಟು ದೊಡ್ಡ ಕಿಟಕಿ ಬೇಕು. ಅಗಲ 20 ಇಂಚಿಗೆ ಕಮ್ಮಿ ಇರಬಾರದು, ಎತ್ತರ 24 ಇಂಚಿಗೆ ಕಮ್ಮಿ ಇರಬಾರದು, ಕಿಟಕಿಯ ತಳ ನೆಲದಿಂದ 44 ಇಂಚಿನೊಳಗಿರಬೇಕು. ನೆಲಮಟ್ಟದ ಮನೆಯಲ್ಲಿ ತೆರೆದ ಜಾಗ 5 ಚದರ ಅಡಿ ಸಿಗಬೇಕು. ಎರಡೂ ಕನಿಷ್ಠ ಅಳತೆ ಇಟ್ಟರೆ ಸಿಗುವುದು 3.3 ಚದರ ಅಡಿ ಮಾತ್ರ, ಅದು ಪಾಸಾಗುವುದಿಲ್ಲ. ಕಿಟಕಿ ಕೊಳ್ಳುವಾಗ ಗಾಜಿನ ಅಳತೆ ನೋಡಬೇಡಿ, ಪೂರ್ತಿ ತೆರೆದಾಗ ಎಷ್ಟು ಜಾಗ ಬಿಡುತ್ತದೆ ಅಂತ ಕೇಳಿ.

ಕೊನೆಗೆ ನೆಲ. ಗೋಲಿ ಬಿಟ್ಟು ನೋಡಿದ ಮೇಲೆ ಒಂದು ಉದ್ದ ದಾರ ಕಟ್ಟಿ, ಹಿಂದಿನ ಗೋಡೆಗೂ ಬಾಗಿಲಿಗೂ ಎಷ್ಟು ಇಂಚು ಇಳಿದಿದೆ ಅಳೆಯಿರಿ. ಅಡಿಗೆ ಎಂಟನೇ ಒಂದು ಇಂಚು ಅಂದರೂ 20 ಅಡಿಗೆ ಎರಡೂವರೆ ಇಂಚು. ಇನ್ನು ತೇವ. ಸುಮಾರು ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಒಳಗೆ ಹನಿ ಕಂಡರೆ, ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ, ಮಣ್ಣಿನ ತೇವ ಮೇಲೆ ಬರುತ್ತಿದೆ ಅಂತ ಅರ್ಥ. ಹಳೇ ಗ್ಯಾರೇಜುಗಳಲ್ಲಿ ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಹಾಳೆ ಹಾಕಿರುವುದು ಅಪರೂಪ. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿ, ಇಲ್ಲಿನ ಲೆಕ್ಕದಲ್ಲಿ ನವೆಂಬರ್‌ನಿಂದ ಮಾರ್ಚ್ ಒಳಗೆ. ಆಗಸ್ಟಿನಲ್ಲಿ ಎಲ್ಲ ನೆಲವೂ ಒಣಗಿರುತ್ತದೆ.

ಹೆಜ್ಜೆ 2: ಚರಂಡಿ ಪೈಪಿನ ಆಳ

ನಾವು ಸೋತಿದ್ದು ಇಲ್ಲಿ. ಮೊದಲು ಬಂದ ಕಂಟ್ರಾಕ್ಟರ್ ಗ್ಯಾರೇಜು ನೋಡಿದರು, ಗೋಡೆ ತಟ್ಟಿದರು, ಒಂದು ಮೊತ್ತ ಹೇಳಿದರು. ಕಮೋಡಿನ ನೀರು ಎಲ್ಲಿ ಹೋಗುತ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯವರು ಬಂದವರೇ ಮನೆಯ ಮುಂದೆ ಹುಲ್ಲಿನಲ್ಲಿ ಹೂತುಹೋಗಿದ್ದ ಕ್ಲೀನೌಟ್, ಅಂದರೆ ಚರಂಡಿ ಪೈಪು ಶುಚಿ ಮಾಡಲು ಬಿಟ್ಟಿರುವ ಬಾಯಿ, ಹುಡುಕಿದರು. ಮಣ್ಣು ಕೆರೆದು, ಹಿತ್ತಾಳೆಯ ಮುಚ್ಚಳವನ್ನು ದೊಡ್ಡ ಸ್ಪ್ಯಾನರ್‌ನಿಂದ ತಿರುಗಿಸಿ ತೆಗೆದರು. ಟೇಪು ಇಳಿಸಿದರು. 24 ಇಂಚು. ಅಲ್ಲಿಂದ ಗ್ಯಾರೇಜಿನ ಹಿಂದಿನ ಮೂಲೆಗೆ ಹೆಜ್ಜೆ ಹಾಕಿ ಅಳೆದರು. 60 ಅಡಿ. ಆಮೇಲೆ ಏನೂ ಮಾತಾಡದೆ ಪೆನ್ಸಿಲ್ ತೆಗೆದು ಅಂಗೈ ಮೇಲೆ ಲೆಕ್ಕ ಬರೆದರು.

ಆ ಲೆಕ್ಕವನ್ನು ನೀವೂ ಮಾಡಬಹುದು. ಚರಂಡಿ ಪೈಪು ಪ್ರತಿ ಅಡಿಗೆ ಕಾಲು ಇಂಚು ಇಳಿಯಬೇಕು. 60 ಅಡಿಗೆ 15 ಇಂಚು. ಮುಂದಿನ ಪೈಪು 24 ಇಂಚು ಆಳದಲ್ಲಿದ್ದರೆ, ನೆಲ ಒಂದೇ ಮಟ್ಟದಲ್ಲಿದೆ ಅಂದುಕೊಂಡರೂ ಗ್ಯಾರೇಜಿನ ಅಡಿಯಲ್ಲಿ ಉಳಿಯುವುದು 9 ಇಂಚು. ಅದರಲ್ಲಿ 4 ಇಂಚು ಕಾಂಕ್ರೀಟೇ ತಿನ್ನುತ್ತದೆ. ಉಳಿದ 5 ಇಂಚಿನಲ್ಲಿ ಕಮೋಡಿನ ಕೆಳಗಿನ ಬಾಗಿದ ಪೈಪು ಕೂರುವುದಿಲ್ಲ. ನಮ್ಮ ಬಚ್ಚಲು ಆ ಹಿಂದಿನ ಮೂಲೆಯಲ್ಲಿತ್ತು, ನಕ್ಷೆಯಲ್ಲಿ.

ಇಂಥ ಹೊತ್ತಲ್ಲಿ ಮೂರು ದಾರಿ. ಒಂದು, ಬಚ್ಚಲನ್ನು ಮುಖ್ಯ ಪೈಪಿಗೆ ಹತ್ತಿರವಾದ ಮೂಲೆಗೆ ತರುವುದು. ಪುಕ್ಕಟೆ ದಾರಿ ಇದೇ, ನಕ್ಷೆ ಕಾಗದದ ಮೇಲಿರುವಾಗ ಮಾತ್ರ. ಎರಡು, 4 ಇಂಚಿನ ಪೈಪಿಗೆ ಅಡಿಗೆ ಎಂಟನೇ ಒಂದು ಇಂಚು ಇಳಿಜಾರು ಸಾಕೇ ಅಂತ ಸಿಟಿಯ ಒಪ್ಪಿಗೆ ಕೇಳುವುದು. ಬೇರೆ ದಾರಿ ಇಲ್ಲದ ಕಡೆ ಒಪ್ಪಬಹುದು. ಮೂರು, ನೆಲದಲ್ಲಿ ತೊಟ್ಟಿ ಹೂತು ಪಂಪು ಇಡುವುದು. ಪಂಪು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕರೆಂಟು ಹೋದರೆ ನಿಲ್ಲುತ್ತದೆ, ಬಾಡಿಗೆಯವರು ಒಂದು ಒದ್ದೆ ಟಿಶ್ಯೂ ಹಾಕಿದರೆ ಕಟ್ಟಿಕೊಳ್ಳುತ್ತದೆ. ನಾನಾದರೆ ಬಚ್ಚಲನ್ನೇ ಸರಿಸುತ್ತೇನೆ. ನಾವು ಸರಿಸಿದೆವು.

ಹಾಗೇ ಮುಖ್ಯ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ. ಆ ಕಾಲದ ಮನೆಗಳಲ್ಲಿ ಮಣ್ಣಿನ ಪೈಪು ಜಾಸ್ತಿ. ಜೋಡಣೆಗಳಲ್ಲಿ ಮರದ ಬೇರು ನುಗ್ಗಿರಬಹುದು. ಎರಡು ಮನೆಯ ನೀರು ಅದರಲ್ಲಿ ಹೋಗಬೇಕು. ಮತ್ತೆ ಎಲ್ಲೇ ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟು ಎಲ್ಲಿ ಹೋಗಿದೆ ಅಂತ ಬಂದು ನೆಲದ ಮೇಲೆ ಬಣ್ಣ ಹಾಕಿ ಹೋಗುತ್ತಾರೆ, ದುಡ್ಡು ತಗೊಳ್ಳುವುದಿಲ್ಲ.

ಕರೆಂಟಿನದು ಚಿಕ್ಕ ಮಾತು, ಆದರೆ ತಡ ಮಾಡುವ ಮಾತು. ಹಳೇ ಮನೆಯ ಪ್ಯಾನೆಲ್ 100 ಆಂಪ್ಸ್ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಲೋಡ್ ಲೆಕ್ಕ ಹಾಕಿಸಿ. 200ಕ್ಕೆ ಏರಿಸಬೇಕಾದರೆ ಆ ಅರ್ಜಿಯನ್ನು ಮೊದಲ ದಿನವೇ ಹಾಕಿ. ಮನೆ ಸಿದ್ಧವಾಗಿ ಕರೆಂಟಿಗೆ ಕಾಯುವುದು ಬೇಡ.

ಹೆಜ್ಜೆ 3: ಬಾಡಿಗೆಯ ಲೆಕ್ಕ, ಮನಸ್ಸು ಗಟ್ಟಿ ಮಾಡಿಕೊಂಡು

ಒಂದು ಉದಾಹರಣೆ ಹಾಕೋಣ. ಅಂಕಿಗಳು ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಖರ್ಚು 1,50,000 ಡಾಲರ್, ಶೇ. 8ರ ಬಡ್ಡಿಯಲ್ಲಿ 15 ವರ್ಷದ ಸಾಲ ಅಂದರೆ ತಿಂಗಳ ಕಂತು ಸುಮಾರು 1,433. ಬಾಡಿಗೆ 2,200 ಬರುತ್ತದೆ ಅಂದುಕೊಳ್ಳಿ. ಮೇಲ್ನೋಟಕ್ಕೆ 767 ಉಳಿಯಿತು. ಈಗ ಕಳೆಯುತ್ತಾ ಬನ್ನಿ. ವರ್ಷಕ್ಕೆ ಒಂದು ತಿಂಗಳು ಖಾಲಿ ಬಿದ್ದರೆ ತಿಂಗಳಿಗೆ 183. ಆಸ್ತಿ ತೆರಿಗೆ 150. ವಿಮೆ 40. ರಿಪೇರಿಗೆ ಎತ್ತಿಡುವುದು 100. ನೀರು, ಕರೆಂಟು, ಕಸ 120. ಕೈಗೆ ಉಳಿಯುವುದು 174 ಡಾಲರ್.

ಇದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಸಾಲ ತೀರುತ್ತಾ ಹೋಗುತ್ತದೆ, ಬಾಡಿಗೆ ಏರುತ್ತದೆ, ಮನೆಗೆ ಬೆಲೆ ಬರುತ್ತದೆ. ಆದರೆ ಮೊದಲ ವರ್ಷವೇ ಮನೆ ಸಾಲದ ಅರ್ಧ ಕಂತು ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಪಟ್ಟಿ ಅವರ ಮುಂದಿಡಿ. ಖರ್ಚಿನ ಅಂದಾಜಿನ ಮೇಲೆ ಇನ್ನೂ ಶೇ. 15ರಿಂದ 20 ಕೈಯಲ್ಲಿರಲಿ. ಅದು ಟೈಲ್ಸಿಗಲ್ಲ, ನೆಲ ಒಡೆದಾಗ ಸಿಗುವ ಸಂಗತಿಗಳಿಗೆ.

ಆಸ್ತಿ ತೆರಿಗೆ ವಿಷಯದಲ್ಲಿ ಅನೇಕರಿಗೆ ಒಂದು ಭಯ ಇದೆ, ಇಡೀ ಮನೆಯನ್ನು ಇವತ್ತಿನ ಬೆಲೆಗೆ ಏರಿಸಿಬಿಡುತ್ತಾರೆ ಅಂತ. ಹಾಗಾಗುವುದಿಲ್ಲ. 1978ರ ಪ್ರಾಪೊಸಿಷನ್ 13ರ ಪ್ರಕಾರ ಹೊಸದಾಗಿ ಸೇರಿದ ಕೆಲಸದ ಬೆಲೆ ಮಾತ್ರ ಸೇರುತ್ತದೆ. ಹಳೇ ಮನೆಯ ಲೆಕ್ಕ ಹಾಗೇ ಮುಂದುವರಿಯುತ್ತದೆ.

ಮನೆ ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು. ಎಫ್‌ಎಚ್‌ಎ ಸಾಲದಲ್ಲಿ (ಕೇಂದ್ರ ಸರ್ಕಾರದ ವಿಮೆ ಇರುವ ಮನೆ ಸಾಲ) 2023ರ ಅಕ್ಟೋಬರಿನಿಂದ ಎಡಿಯು ಬಾಡಿಗೆಯನ್ನೂ ನಿಮ್ಮ ಆದಾಯಕ್ಕೆ ಸೇರಿಸಿಕೊಳ್ಳುತ್ತಾರೆ. ಈಗಾಗಲೇ ಇರುವ ಎಡಿಯು ಆದರೆ ಅಂದಾಜು ಬಾಡಿಗೆಯ ಶೇ. 75. 203(ಕೆ) ರಿಪೇರಿ ಸಾಲದಲ್ಲಿ ಗ್ಯಾರೇಜನ್ನು ಮನೆ ಮಾಡುವುದಾದರೆ ಶೇ. 50. ಸಾಲ ಕೊಡುವವರಲ್ಲಿ ಎಲ್ಲರಿಗೂ ಇದು ಬಾಯಿಪಾಠ ಇರುವುದಿಲ್ಲ, ನೀವಾಗಿ ಕೇಳಿ.

ಇನ್ನು ಮಾರಾಟಕ್ಕಿರುವ ಮನೆಯಲ್ಲಿ ಹಿಂದಿನವರು ಗ್ಯಾರೇಜನ್ನು ಪರ್ಮಿಟ್ ಇಲ್ಲದೆ ಕೋಣೆ ಮಾಡಿಟ್ಟಿರುವುದು ತುಂಬ ಸಾಮಾನ್ಯ. ಬಿಟ್ಟು ಓಡಬೇಕಾಗಿಲ್ಲ. 2020ಕ್ಕಿಂತ ಮೊದಲು ಕಟ್ಟಿದ್ದರೆ ಸಕ್ರಮ ಮಾಡಿಸಿಕೊಳ್ಳಲು 2025ರಿಂದ ಸಲೀಸಾದ ದಾರಿ ಇದೆ. ಆದರೆ ಬೆಲೆ ಮಾತಾಡುವಾಗ ಅದನ್ನು ಬರೀ ಗ್ಯಾರೇಜು ಅಂತಲೇ ಎಣಿಸಿ.

ಹೆಜ್ಜೆ 4: ನಕ್ಷೆ, ಪರ್ಮಿಟ್

ಸಿಟಿಯ ಬಿಲ್ಡಿಂಗ್ ವಿಭಾಗದ ಕೌಂಟರಿಗೆ ಒಮ್ಮೆ ಹೋಗಿ, ನಿಮ್ಮ ಜಾಗದ ಹಳೇ ಪರ್ಮಿಟ್ ದಾಖಲೆ ಕೇಳಿ. ಆ ಗ್ಯಾರೇಜು ದಾಖಲೆಯಲ್ಲಿ ಎಷ್ಟು ಅಳತೆ ಇದೆ ಅಂತ ತಿಳಿಯುವುದು ಒಳ್ಳೆಯದು. ಬಾಗಿಲಿನ ಹತ್ತಿರ ಓಡಾಟಕ್ಕೆ ಮಾತ್ರ ಬೇಕಾದರೆ ಹಳೇ ಅಳತೆಗಿಂತ 150 ಚದರ ಅಡಿವರೆಗೆ ಬೆಳೆಸಲು ಕಾನೂನು ಬಿಡುತ್ತದೆ.

ಅರ್ಜಿಯ ಜೊತೆ ಜಾಗದ ನಕ್ಷೆ, ಒಳಗಿನ ನಕ್ಷೆ, ಗೋಡೆ ಸೀಳಿ ತೋರಿಸುವ ಚಿತ್ರ, ಕಟ್ಟಡದ ಲೆಕ್ಕ, ಟೈಟಲ್ 24 ವರದಿ (ರಾಜ್ಯದ ಇಂಧನ ಉಳಿತಾಯ ನಿಯಮಕ್ಕೆ ಮನೆ ಹೊಂದುತ್ತದೆ ಅಂತ ತೋರಿಸುವುದು) ಬೇಕಾಗುತ್ತವೆ. 60 ದಿನದ ಗಡಿಯಾರ ಓಡುವುದು ಅರ್ಜಿ ಪೂರ್ತಿಯಾದ ಮೇಲೆ. ಒಂದು ಹಾಳೆ ಬಿಟ್ಟರೂ ವಾಪಸ್ ಬರುತ್ತದೆ. ಹಾಗಾಗಿ ಗ್ಯಾರೇಜು ಬದಲಾವಣೆಯನ್ನು ನಿಮ್ಮದೇ ಸಿಟಿಯಲ್ಲಿ ಮಾಡಿದ ಡಿಸೈನರ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಈ ಹೊತ್ತಲ್ಲೇ ಮನೆಯವರೆಲ್ಲ ಕೂತು ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಿ: ಈಗ ಗ್ಯಾರೇಜಿನಲ್ಲಿರುವ ಸಾಮಾನು ಎಲ್ಲಿ ಹೋಗುತ್ತದೆ? ನಮ್ಮಲ್ಲಿ ಹನ್ನೊಂದು ಸೂಟ್‌ಕೇಸ್, ದಸರಾ ಗೊಂಬೆಗಳ ಐದು ಪೆಟ್ಟಿಗೆ, ಗಣಪತಿ ಮಂಟಪ, ಎರಡು ಸೈಕಲ್, ಅಕ್ಕಿ ಮೂಟೆ ಇದ್ದವು. ಹಿತ್ತಲಲ್ಲಿ ಒಂದು ಪುಟ್ಟ ಶೆಡ್ ಹಾಕಿಸುವ ದುಡ್ಡನ್ನು ಲೆಕ್ಕದಲ್ಲಿ ಸೇರಿಸಿ. ಹೊರಗಿನ ಗೋದಾಮಿಗೆ ತಿಂಗಳ ಬಾಡಿಗೆ ಕಟ್ಟಿದರೆ ಮೇಲಿನ ಆ 174 ಡಾಲರ್ ಅಲ್ಲೇ ಮುಗಿದುಹೋಗುತ್ತದೆ.

ಹೆಜ್ಜೆ 5: ಕೆಲಸ ಯಾರಿಗೆ ಕೊಡುವುದು

ರಾಜ್ಯದ ಕಂಟ್ರಾಕ್ಟರ್ ಲೈಸೆನ್ಸ್ ಬೋರ್ಡ್ ವೆಬ್‌ಸೈಟಿನಲ್ಲಿ ಅವರ ಲೈಸೆನ್ಸ್ ಸಂಖ್ಯೆ ಹಾಕಿ ನೋಡಿ. ಲೈಸೆನ್ಸ್ ಜೀವಂತ ಇದೆಯೇ, ಕೆಲಸಗಾರರ ವಿಮೆ ಇದೆಯೇ ಎಲ್ಲ ಅಲ್ಲೇ ಕಾಣುತ್ತದೆ. ಮುಂಗಡದ ನಿಯಮ ನೆನಪಿಟ್ಟುಕೊಳ್ಳಿ: ಒಪ್ಪಂದದ ಶೇ. 10 ಅಥವಾ 1,000 ಡಾಲರ್, ಯಾವುದು ಕಮ್ಮಿಯೋ ಅಷ್ಟೇ. ಅಂದರೆ ಇಷ್ಟು ದೊಡ್ಡ ಕೆಲಸಕ್ಕೂ ಮುಂಗಡ 1,000 ಡಾಲರ್ ಮೀರುವ ಹಾಗಿಲ್ಲ. ಮರ ಕೊಳ್ಳಬೇಕು, ಮೂವತ್ತು ಸಾವಿರ ಮೊದಲೇ ಕೊಡಿ ಅಂದವರನ್ನು ಅಲ್ಲೇ ಬಿಟ್ಟುಬಿಡಿ. ಸ್ನೇಹಿತರ ಸ್ನೇಹಿತರು ಅಂತ ಸಂಕೋಚ ಬೇಡ.

ಆಮೇಲೆ ಪ್ರತಿ ಕಂತು ಒಂದು ಇನ್‌ಸ್ಪೆಕ್ಷನ್ ಪಾಸಾದ ಮೇಲೆ ಅಂತ ಒಪ್ಪಂದದಲ್ಲಿ ಬರೆಸಿ. ಕಂತು ಕೊಡುವಾಗ ಸಾಮಾನು ಕೊಟ್ಟವರಿಂದ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರಿಂದ ಲೀನ್ ಬಿಡುಗಡೆ ಪತ್ರ, ಅಂದರೆ ಕೊಟ್ಟ ಹಣದ ಮಟ್ಟಿಗೆ ಮನೆಯ ಮೇಲೆ ಹಕ್ಕು ಬಿಟ್ಟೆವು ಅನ್ನುವ ಕಾಗದ, ತಗೊಳ್ಳಿ. ನೀವು ಕಂಟ್ರಾಕ್ಟರಿಗೆ ಪೂರ್ತಿ ಕೊಟ್ಟಿದ್ದರೂ ಅವರು ಮರದ ಅಂಗಡಿಗೆ ಕೊಡದಿದ್ದರೆ, ಅಂಗಡಿಯವರು ನಿಮ್ಮ ಮನೆಯ ಮೇಲೆ ಹಕ್ಕು ಹಾಕಬಹುದು.

ಹೆಜ್ಜೆ 6: ಕೆಲಸ ನಡೆಯುವ ಕ್ರಮ

ಮೊದಲು ನೆಲ ಕೊಯ್ಯುತ್ತಾರೆ. ಪೈಪು ಇಡುತ್ತಾರೆ. ಮುಚ್ಚುವ ಮುಂಚೆ ಇನ್‌ಸ್ಪೆಕ್ಟರ್ ನೋಡಬೇಕು. ಆ ದಿನ ನೀವೂ ಇರಿ. ಟೇಪನ್ನು ಪಕ್ಕದಲ್ಲಿಟ್ಟು ಪ್ರತಿ ಪೈಪಿನ ಫೋಟೊ ತೆಗೆದಿಡಿ. ಹತ್ತು ವರ್ಷ ಆದ ಮೇಲೆ ಎಲ್ಲಿ ಅಗೆಯಬೇಕು ಅಂತ ಹೇಳುವುದು ಆ ಫೋಟೊಗಳೇ.

ನೆಲ ಸಮ ಮಾಡಲು ಎರಡು ಬಗೆ ಇದೆ. ಕಾಂಕ್ರೀಟು ಗಟ್ಟಿಯಾಗಿದ್ದು ಎತ್ತರ ಸಾಕಷ್ಟಿದ್ದರೆ ಮೇಲೆ ತೇವ ತಡೆ ಹಾಕಿ, ಗಟ್ಟಿ ಇನ್ಸುಲೇಷನ್ ಹಲಗೆ ಕೂರಿಸಿ, ಅದರ ಮೇಲೆ ಪ್ಲೈವುಡ್. ಕಾಲಿಗೆ ಬೆಚ್ಚಗಿರುತ್ತದೆ. ಎತ್ತರ ಸಾಲದಿದ್ದರೆ ಅಥವಾ ಬಿರುಕು ಜಾಸ್ತಿ ಇದ್ದರೆ ಪೂರ್ತಿ ಒಡೆದು, 10 ಮಿಲ್ (ಇಂಚಿನ ನೂರನೇ ಒಂದು ಭಾಗ) ದಪ್ಪದ ತೇವ ತಡೆಯುವ ಹಾಳೆ ಹಾಸಿ, ಹೊಸ ಕಾಂಕ್ರೀಟು ಹಾಕುವುದು. ಖರ್ಚು ಜಾಸ್ತಿ. ಹೇಗೂ ಪೈಪಿಗೆ ಮೂರನೇ ಒಂದು ಭಾಗ ಒಡೆಯಬೇಕಾಗಿದ್ದರೆ ಉಳಿದದ್ದನ್ನೂ ಒಡೆಸುವುದೇ ನನಗೆ ಸರಿ ಅನ್ನಿಸುತ್ತದೆ.

ದೊಡ್ಡ ಬಾಗಿಲಿನ ಜಾಗವನ್ನು ಮುಚ್ಚುವುದು ಸುಲಭ ಅಂತ ಕಾಣುತ್ತದೆ, ಹಾಗಲ್ಲ. ಉಳಿದ ಮೂರು ಗೋಡೆ ಅಡಿಪಾಯದ ಮೇಲಿರುತ್ತವೆ. ಬಾಗಿಲಿನ ಕೆಳಗೆ ಎಷ್ಟೋ ಸಲ ಅಡಿಪಾಯವೇ ಇರುವುದಿಲ್ಲ, ಬರೀ ನೆಲದ ಅಂಚು. ಅಲ್ಲಿ ಅಗೆದು ಹೊಸ ಅಡಿಪಾಯ ಹಾಕಿ, ಹೊರಗಿನ ಮಟ್ಟಕ್ಕಿಂತ ಮೇಲೆ ಒಂದು ಕಟ್ಟೆ ಎಬ್ಬಿಸಬೇಕು. ಡ್ರೈವ್‌ವೇ ನೀರು ಹರಿದು ಬರುವುದು ನೇರ ಇಲ್ಲಿಗೇ. ಮುಂದೆ ಒಂದು ಜಾಲರಿ ಕಾಲುವೆ ಹಾಕಿಸಿಬಿಡಿ. ಇನ್ನೊಂದು ಕಾರಣ ಭೂಕಂಪ. ಅಗಲ ಬಾಗಿಲಿನ ಎರಡು ಕಡೆ ಇರುವ ಕಿರಿದಾದ ಗೋಡೆಗಳು ಅಲುಗಾಟ ತಡೆಯುವುದಿಲ್ಲ. ಮುಚ್ಚಿದ ಗೋಡೆಗೆ ಪ್ಲೈವುಡ್ ಬಿಗಿದು, ಅಡಿಪಾಯಕ್ಕೆ ಬೋಲ್ಟ್ ಹಾಕಿದರೆ ಗ್ಯಾರೇಜು ಮೊದಲಿಗಿಂತ ಗಟ್ಟಿಯಾಗುತ್ತದೆ.

ಆಮೇಲಿನದು ಎಲ್ಲ ಮನೆಗಳ ಹಾಗೆ. ಗೋಡೆಯೊಳಗಿನ ಪೈಪು, ವೈರು, ಇನ್‌ಸ್ಪೆಕ್ಷನ್. ಇನ್ಸುಲೇಷನ್, ಇನ್‌ಸ್ಪೆಕ್ಷನ್. ಡ್ರೈವಾಲ್, ಇನ್‌ಸ್ಪೆಕ್ಷನ್. ಬಿಸಿ, ತಂಪು ಎರಡಕ್ಕೂ ಒಂದು ಮಿನಿ ಸ್ಪ್ಲಿಟ್ ಹೀಟ್ ಪಂಪು ಸಾಕು. ಗ್ಯಾಸ್ ಲೈನು ಎಳೆಯದೆ ಎಲ್ಲ ಕರೆಂಟಿನದೇ ಇಟ್ಟರೆ ಅಗೆತ ಕಮ್ಮಿ.

ಅಡುಗೆಯ ಹೊಗೆಯಲ್ಲಿ ಮಾತ್ರ ಚೌಕಾಸಿ ಬೇಡ. ಚಿಮಣಿಯ ಗಾಳಿ ಪೈಪಿನ ಮೂಲಕ ಹೊರಗೇ ಹೋಗಬೇಕು, ಸೋಸಿ ಮತ್ತೆ ಒಳಗೇ ಬಿಡುವ ಮಾದರಿ ತರಬೇಡಿ. 400 ಚದರ ಅಡಿಯಲ್ಲಿ ಒಂದು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟು ಹಾಸಿಗೆವರೆಗೂ ಬರುತ್ತದೆ. ಬಾಡಿಗೆಗೆ ಬರುವವರು ಯಾವ ಊರಿನವರೇ ಆಗಲಿ, ಅಡುಗೆ ಎಲ್ಲರೂ ಮಾಡುತ್ತಾರೆ.

ನಿಮ್ಮ ಅಡುಗೆಮನೆ ಕಿಟಕಿಗೂ ಅವರ ಮಲಗುವ ಕಿಟಕಿಗೂ ನೇರ ನೋಟ ಬೀಳದಂತೆ ನೋಡಿಕೊಳ್ಳಿ. ಅವರಿಗೇ ಒಂದು ಪಕ್ಕದ ಗೇಟು, ದೀಪ ಇರುವ ಕಾಲುದಾರಿ ಕೊಡಿ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದವರು ನಿಮ್ಮ ಹಿತ್ತಲ ಬಾಗಿಲು ದಾಟಿ ಹೋಗುವ ಹಾಗಿರಬಾರದು.

ಕೊನೆಯ ಇನ್‌ಸ್ಪೆಕ್ಷನ್ ಪಾಸಾಗಿ ಕಾಗದ ಕೈಗೆ ಬಂದ ಮೇಲೆ ವಿಮೆಯವರಿಗೆ ತಿಳಿಸಿ. ಹಿತ್ತಲಲ್ಲಿ ಬಾಡಿಗೆಯವರು ಇದ್ದಾರೆ ಅಂತ ಪಾಲಿಸಿಯಲ್ಲಿ ಇಲ್ಲದಿದ್ದರೆ ಬೆಂಕಿ ಬಿದ್ದ ದಿನ ಕಷ್ಟ.

ಹೆಜ್ಜೆ 7: ಬಾಡಿಗೆಗೆ ಕೊಡುವುದು

ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಕನ್ನಡದವರಿಗೆ ಮಾತ್ರ", "ಇಂಡಿಯನ್ ಕುಟುಂಬಕ್ಕೆ ಮಾತ್ರ" ಅಂತ ಹಾಕುವುದನ್ನು ಆಗಾಗ ನೋಡುತ್ತೇನೆ. ದಯವಿಟ್ಟು ಹಾಗೆ ಬರೆಯಬೇಡಿ. ಹುಟ್ಟಿದ ದೇಶ, ಧರ್ಮ, ಜನಾಂಗ, ಮಕ್ಕಳಿರುವುದು ಇವುಗಳ ಮೇಲೆ ಜಾಹೀರಾತಿನಲ್ಲಿ ಆಯ್ಕೆ ತೋರಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಹೊಸದಾಗಿ ಬಂದಾಗ ಮನೆ ಹುಡುಕುತ್ತಾ ನಾವೂ ಅಲೆದಿದ್ದೇವೆ. ಗುಂಪಿನಲ್ಲಿ ಹಾಕಿ, ಹೊರಗೂ ಹಾಕಿ. ಎಲ್ಲರಿಗೂ ಒಂದೇ ಅರ್ಜಿ, ಒಂದೇ ಅಳತೆಗೋಲು ಇಡಿ: ಆದಾಯ, ಕ್ರೆಡಿಟ್, ಹಿಂದಿನ ಮಾಲೀಕರ ಮಾತು.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2024ರ ಜುಲೈ 1ರಿಂದ ಒಂದು ತಿಂಗಳ ಬಾಡಿಗೆಯಷ್ಟೇ ಡೆಪಾಸಿಟ್. ಎರಡಕ್ಕಿಂತ ಹೆಚ್ಚು ಬಾಡಿಗೆ ಆಸ್ತಿ ಇಲ್ಲದ, ಒಟ್ಟು ನಾಲ್ಕು ಮನೆ ಮೀರದ ಚಿಕ್ಕ ಮಾಲೀಕರು ಎರಡು ತಿಂಗಳವರೆಗೆ ತಗೋಬಹುದು. ಬಾಡಿಗೆ ಏರಿಸುವುದಕ್ಕೆ ನಿಮ್ಮ ಸಿಟಿಯ ನಿಯಮ ಬೇರೆ ಇರಬಹುದು, ಕರಾರು ಬರೆಯುವ ಮೊದಲೇ ಓದಿಕೊಳ್ಳಿ.

ತೆರಿಗೆ ಕಡೆ ಬಾಡಿಗೆಯನ್ನು ಶೆಡ್ಯೂಲ್ ಇ ಅನ್ನುವ ತೆರಿಗೆ ನಮೂನೆಯಲ್ಲಿ ತೋರಿಸಬೇಕು. ಪರಿವರ್ತನೆಗೆ ಹಾಕಿದ ಖರ್ಚನ್ನು 27.5 ವರ್ಷಕ್ಕೆ ಹಂಚಿ ಸವಕಳಿ ಕಳೆಯಬಹುದು. ಅದಕ್ಕೆ ಪ್ರತಿ ರಸೀದಿ ಬೇಕು, ಶುರುವಿನಿಂದಲೇ ಒಂದು ಫೋಲ್ಡರ್ ಮಾಡಿಡಿ. ವೀಸಾದ ಮೇಲಿರುವವರು ವಲಸೆ ವಕೀಲರನ್ನು ಒಮ್ಮೆ ಕೇಳಿ ಮುಂದುವರಿಯಿರಿ.

ಊರಿಂದ ಅಪ್ಪ ಅಮ್ಮ ಆರು ತಿಂಗಳು ಬಂದಾಗ ಅವರಿಗೇ ಬಿಡೋಣ ಅಂತ ಅಂದುಕೊಂಡಿದ್ದರೆ ಅದನ್ನು ಮೊದಲೇ ಯೋಚಿಸಿ ಕರಾರಿನ ಅವಧಿ ಇಡಿ. ಬಾಡಿಗೆಯವರನ್ನು ನಡುವೆ ಎಬ್ಬಿಸಲು ಆಗುವುದಿಲ್ಲ, ಎಬ್ಬಿಸಲೂ ಬಾರದು. ಅಪ್ಪ ಅಮ್ಮನಿಗೆ ಅಂತಲೇ ಕಟ್ಟುವುದಾದರೆ ಬಚ್ಚಲಲ್ಲಿ ಹಿಡಿಕೆಗೆ ಗೋಡೆಯೊಳಗೆ ಮರ ಹಾಕಿಸಿ, ಹೊಸ್ತಿಲು ಎಬ್ಬಿಸಬೇಡಿ.

ಕೀಲಿ ಕೊಡುವ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅವರ ಜೊತೆ ಒಳಗೆ ಓಡಾಡಿ. ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡನ್ನೂ ಅವರ ಮುಂದೆಯೇ ಒತ್ತಿ ಕೂಗಿಸಿ. ಮಲಗುವ ಕಿಟಕಿಯನ್ನು ಅವರ ಕೈಯಲ್ಲೇ ಪೂರ್ತಿ ತೆರೆಸಿ. ಕರೆಂಟು ಪ್ಯಾನೆಲ್, ನೀರು ನಿಲ್ಲಿಸುವ ವಾಲ್ವ್ ತೋರಿಸಿ. ಕಮೋಡಿಗೆ ಒದ್ದೆ ಟಿಶ್ಯೂ ಹಾಕಬೇಡಿ ಅಂತ ಬಾಯಲ್ಲೇ ಹೇಳಿ. ಹೊರಗೆ ಬಂದು ಹೊಸ ಕ್ಲೀನೌಟ್ ಮುಚ್ಚಳ ಎಲ್ಲಿದೆ ತೋರಿಸಿ, ಅದರ ಮೇಲೆ ಹೂಕುಂಡ ಇಡಬೇಡಿ ಅಂತಲೂ ಹೇಳಿ.